ಅಕ್ಕೋರಿಗೊಂದು ಪ್ರಶ್ನೆ: ಲಿಂಕನ್, ಡಗ್ಲಾಸ್ ಮತ್ತು ಏಳು ಊರುಗಳು

ಹೋದ ಸಂಚಿಕೆಯಲ್ಲಿ ಪಿಯೋರಿಯಾ ಊರಿನ ಲೈಬ್ರರಿಯ ಕತೆ ಬರೆದಿದ್ದೆ. ಓದದವರಿಗೆ ಎರಡೇ ಮಾತು. ಗದಗಿನ ಹೈಸ್ಕೂಲಿನಲ್ಲಿ 31 ವರ್ಷ ಇತಿಹಾಸ ಕಲಿಸಿ ನಿವೃತ್ತಳಾದ ಮೇಲೆ, ಮಗಳ ಬಾಣಂತನಕ್ಕೆಂದು ಅಮೆರಿಕದ ಇಲಿನಾಯ್ ರಾಜ್ಯಕ್ಕೆ ಹೋಗಿ ಐದು ತಿಂಗಳು ಇದ್ದೆ. ಕೂಸು ಬೇಗ ಮಲಗಿದ ಸಂಜೆಗಳಲ್ಲಿ ಅಳಿಯ ನನ್ನನ್ನು ಲೈಬ್ರರಿಗೆ ಬಿಟ್ಟು ಹೋಗುತ್ತಿದ್ದರು. ಅಲ್ಲಿ ಆ ಭಾಗದ ಇತಿಹಾಸದ ಮೇಲೆ ಉಪನ್ಯಾಸ. ಬರುವವರು 30-40 ಜನ, ಹೆಚ್ಚಿನವರು ನನ್ನ ವಯಸ್ಸಿನವರೇ. ವಿಷಯ ಯಾವುದೇ ಇರಲಿ, ಮಾತು ತಿರುಗಿ ಬಂದು ನಿಲ್ಲುತ್ತಿದ್ದದ್ದು ಇಬ್ಬರ ಬಳಿ: ಅಬ್ರಹಾಂ ಲಿಂಕನ್ ಮತ್ತು ಸ್ಟೀಫನ್ ಡಗ್ಲಾಸ್. ಅಷ್ಟು ಬರೆದದ್ದೇ ತಡ, ಪತ್ರಗಳು ರಾಶಿ ಬಿದ್ದವು. ಈ ಸಲ ಬೇರೆ ಪ್ರಶ್ನೆಗಳನ್ನು ಬದಿಗಿಟ್ಟು ಇವಕ್ಕೇ ಉತ್ತರ ಕೊಡುತ್ತೇನೆ.

ಅಕ್ಕೋರೇ, ಲಿಂಕನ್ ಗೊತ್ತು. ಈ ಡಗ್ಲಾಸ್ ಯಾರು? ಇಬ್ಬರಿಗೂ ಜಗಳ ಯಾಕೆ ಬಂತು?
*ಓದುಗರೊಬ್ಬರು, ರಾಣೆಬೆನ್ನೂರು*

ಇಬ್ಬರೂ ವಕೀಲರು. ಇಬ್ಬರೂ ಇಲಿನಾಯ್‌ಗೆ ಹೊರಗಿಂದ ಬಂದು ನೆಲೆಸಿದವರು. 1830ರ ದಶಕದಿಂದಲೇ ಒಬ್ಬರಿಗೊಬ್ಬರು ಪರಿಚಯ. ಲಿಂಕನ್ ಆರಡಿ ನಾಲ್ಕಿಂಚು, ಡಗ್ಲಾಸ್ ಐದಡಿ ನಾಲ್ಕಿಂಚು. ಆದರೆ ದೊಡ್ಡ ತಲೆ, ಅದಕ್ಕಿಂತ ದೊಡ್ಡ ದನಿ. ಜನ ಅವನಿಗೆ ‘ಪುಟ್ಟ ದೈತ್ಯ’ ಅಂತ ಹೆಸರಿಟ್ಟಿದ್ದರು.

ಡಗ್ಲಾಸ್ ಸರಸರ ಮೇಲೇರಿದ. ರಾಜ್ಯದ ಸುಪ್ರೀಂ ಕೋರ್ಟ್ ನ್ಯಾಯಾಧೀಶನಾದ, ಸಂಸತ್ತಿಗೆ ಹೋದ, 1847ರಲ್ಲಿ ಸೆನೆಟರ್, ಅಂದರೆ ಸಂಸತ್ತಿನ ಮೇಲ್ಮನೆಯ ಸದಸ್ಯ ಆದ. ಲಿಂಕನ್ ಎರಡೇ ವರ್ಷ ಸಂಸತ್ತಿನಲ್ಲಿ ಕೂತು, ವಾಪಸ್ ಬಂದು ಕೋರ್ಟು ಕೇಸು ಅಂತ ಊರೂರು ಸುತ್ತುತ್ತಿದ್ದ. 1856ರ ಹೊತ್ತಿಗೆ ಅವನು ತನ್ನಷ್ಟಕ್ಕೆ ಗೀಚಿಕೊಂಡ ಒಂದು ಚೀಟಿ ಉಳಿದಿದೆ. ಮಹತ್ವಾಕಾಂಕ್ಷೆಯ ಓಟದಲ್ಲಿ ನಾನು ಪೂರ್ತಿ ಸೋತೆ, ಡಗ್ಲಾಸ್ ಭರ್ಜರಿಯಾಗಿ ಗೆದ್ದ ಅನ್ನುವುದು ಅದರ ಸಾರ. ಮಹಾತ್ಮರಿಗೂ ಹೊಟ್ಟೆಯುರಿ ಇರುತ್ತದೆ. ನನಗೇನೋ ಆ ಚೀಟಿ ಓದಿದ ಮೇಲೆ ಲಿಂಕನ್ ಜಾಸ್ತಿ ಹತ್ತಿರವಾದ.

ಜಗಳಕ್ಕೆ ಬೆಂಕಿ ಬಿದ್ದದ್ದು 1854ರಲ್ಲಿ. ಅಲ್ಲಿಯವರೆಗೆ ಅಮೆರಿಕದಲ್ಲಿ ಒಂದು ಒಪ್ಪಂದ ನಡೆದು ಬಂದಿತ್ತು. 1820ರಲ್ಲಿ ನಕ್ಷೆಯ ಮೇಲೊಂದು ಗೆರೆ ಎಳೆದಿದ್ದರು. ಪಶ್ಚಿಮದ ಆ ದೊಡ್ಡ ಭೂಭಾಗದಲ್ಲಿ, ಮಿಸೌರಿ ರಾಜ್ಯವೊಂದನ್ನು ಬಿಟ್ಟು, ಗೆರೆಯ ಉತ್ತರಕ್ಕೆ ಗುಲಾಮಗಿರಿ ಹೋಗಬಾರದು ಅಂತ. ಡಗ್ಲಾಸ್ ತಂದ ಕಾನ್ಸಾಸ್-ನೆಬ್ರಾಸ್ಕಾ ಕಾನೂನು ಆ ಗೆರೆಯನ್ನು ಅಳಿಸಿ ಹಾಕಿತು. ಹೊಸ ಪ್ರಾಂತಗಳಲ್ಲಿ ಗುಲಾಮರನ್ನು ಇಟ್ಟುಕೊಳ್ಳಬೇಕೋ ಬೇಡವೋ ಅನ್ನುವುದನ್ನು ಅಲ್ಲಿನ ಬಿಳಿ ಜನರೇ ಓಟು ಹಾಕಿ ತೀರ್ಮಾನಿಸಲಿ ಅಂದ. ಕೇಳೋಕೆ ಪ್ರಜಾಪ್ರಭುತ್ವ, ಅಲ್ವಾ? ಲಿಂಕನ್ ಕೇಳಿದ್ದು ಸರಳ ಪ್ರಶ್ನೆ: ಗುಲಾಮನೂ ಮನುಷ್ಯ ಅಂದಮೇಲೆ, ಅವನನ್ನು ಕೇಳದೆ ಅವನ ಮೇಲೆ ಆಳ್ವಿಕೆ ನಡೆಸುವುದು ಸ್ವರಾಜ್ಯ ಹೇಗಾಗುತ್ತದೆ?

ಅದನ್ನು ಅವನು ಬಿಡಿಸಿ ಹೇಳಿದ ಜಾಗಗಳಲ್ಲಿ ಒಂದು ಇದೇ ಪಿಯೋರಿಯಾ. 1854ರ ಅಕ್ಟೋಬರ್ 16. ಮಧ್ಯಾಹ್ನ ಡಗ್ಲಾಸ್ ಮೂರು ಗಂಟೆಗೂ ಜಾಸ್ತಿ ಮಾತಾಡಿದ. ಮುಗಿದಾಗ ಐದು ದಾಟಿತ್ತು. ಲಿಂಕನ್ ಎದ್ದು ನಿಂತು, ನನಗೂ ಅಷ್ಟೇ ಹೊತ್ತು ಬೇಕು, ಈಗ ಮನೆಗೆ ಹೋಗಿ ಊಟ ಮಾಡಿ ಏಳು ಗಂಟೆಗೆ ಬನ್ನಿ ಅಂದ. ಜೊತೆಗೆ ಒಂದು ಜಾಣತನವನ್ನೂ ಒಪ್ಪಿಕೊಂಡ. ಕೊನೆಗೆ ಉತ್ತರ ಕೊಡಲು ಡಗ್ಲಾಸ್‌ಗೆ ಒಂದು ಗಂಟೆ ಬಿಟ್ಟಿದ್ದೇನೆ, ಅವನು ನನ್ನ ಚರ್ಮ ಸುಲಿಯುವ ತಮಾಷೆ ನೋಡೋಕಾದರೂ ನೀವು ಕೂತಿರುತ್ತೀರಿ ಅಂತ! ಜನ ಉಂಡು ತಿರುಗಿ ಬಂದರು. ಲೈಬ್ರರಿಯಲ್ಲಿ ಈ ಕತೆ ಹೇಳಿದವರು ನಿವೃತ್ತ ಮೇಷ್ಟ್ರು. ಮಕ್ಕಳನ್ನು ಬಿಟ್ಟರೆ ತಿರುಗಿ ಬರುತ್ತಿರಲಿಲ್ಲ ಅಂತ ಅವರು ಸೇರಿಸಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಗುಲಾಮರನ್ನು ಬಿಡಿಸುತ್ತೇನೆ ಅಂತ ಹೇಳಿ ಲಿಂಕನ್ 1858ರಲ್ಲಿ ಡಗ್ಲಾಸ್ ಎದುರು ಚುನಾವಣೆ ಗೆದ್ದ ಅಂತ ಶಾಲೆಯಲ್ಲಿ ಓದಿದ ನೆನಪು. ಸರಿಯೇ?
*ಕಾಲೇಜು ವಿದ್ಯಾರ್ಥಿನಿ, ಹಾವೇರಿ*

ಎರಡೂ ತಪ್ಪು ತಾಯಿ. ಒಂದು, ಅವನು ಹಾಗೆ ಹೇಳಲಿಲ್ಲ. ಎರಡು, ಅವನು ಗೆಲ್ಲಲಿಲ್ಲ.

1858ರ ಚುನಾವಣೆ ಸೆನೆಟ್ ಸೀಟಿನದು. ಆಗ ಸೆನೆಟರನ್ನು ಜನ ನೇರವಾಗಿ ಆರಿಸುತ್ತಿರಲಿಲ್ಲ, ನಮ್ಮ ರಾಜ್ಯಸಭೆಯ ಹಾಗೆ ರಾಜ್ಯದ ಶಾಸಕರು ಆರಿಸುತ್ತಿದ್ದರು. ಅದು ಬದಲಾದದ್ದು 1913ರಲ್ಲಿ. ಅಂದರೆ ಲಿಂಕನ್ನನೂ ಡಗ್ಲಾಸನೂ ಯಾರ ಮುಂದೆ ಬಿಸಿಲು ಚಳಿಯಲ್ಲಿ ಗಂಟಲು ಹರಿದುಕೊಂಡರೋ ಆ ಜನರಿಗೆ ಇವರ ಹೆಸರಿಗೆ ಓಟು ಹಾಕುವ ಹಕ್ಕೇ ಇರಲಿಲ್ಲ. ತಮ್ಮ ಪಕ್ಷದ ಶಾಸಕನಿಗೆ ಹಾಕಿ ಅಂತ ಕೇಳಲು ಅಷ್ಟೆಲ್ಲ ಓಡಾಟ. 1859ರ ಜನವರಿ 5ರಂದು ಶಾಸಕರು ಸೇರಿದರು. ಡಗ್ಲಾಸ್‌ಗೆ 54, ಲಿಂಕನ್‌ಗೆ 46.

ಇನ್ನು ಜಗಳದ ವಿಷಯ. ದಕ್ಷಿಣದ ರಾಜ್ಯಗಳಲ್ಲಿ ಆಗಲೇ ಇದ್ದ ಗುಲಾಮಗಿರಿಗೆ ಕೈ ಹಾಕುತ್ತೇನೆ ಅಂತ ಲಿಂಕನ್ ಎಲ್ಲೂ ಹೇಳಲಿಲ್ಲ. ಕೈ ಹಾಕುವುದಿಲ್ಲ ಅಂತಲೇ ಮತ್ತೆ ಮತ್ತೆ ಹೇಳಿದ. ಅವನ ಹಟ ಒಂದೇ, ಅದು ಹೊಸ ಪ್ರಾಂತಗಳಿಗೆ ಹರಡಬಾರದು. ಹರಡದಂತೆ ಕಟ್ಟಿ ಹಾಕಿದರೆ ಕಾಲಕ್ರಮದಲ್ಲಿ ತಾನಾಗಿ ಸಾಯುತ್ತದೆ ಅನ್ನುವುದು ಅವನ ಲೆಕ್ಕ. 1860ರ ಜನಗಣತಿಯಲ್ಲಿ ಗುಲಾಮರ ಸಂಖ್ಯೆ ಸುಮಾರು 40 ಲಕ್ಷ. ಅಷ್ಟು ಜನ ‘ಕಾಲಕ್ರಮ’ಕ್ಕೆ ಕಾಯಬೇಕು ಅನ್ನುವ ಮಾತು ಇಂದು ಕೇಳಿದರೆ ಮೈ ಉರಿಯುತ್ತದೆ. ಆದರೆ ಆವತ್ತು ದಕ್ಷಿಣದವರಿಗೆ ಅಷ್ಟೇ ಸಾಕಾಗಿತ್ತು, ಇವನನ್ನು ಶತ್ರು ಅಂತ ಕರೆಯಲು.

ಮೈಕ್ ಇಲ್ಲದ ಕಾಲದಲ್ಲಿ ಮೂರು ಗಂಟೆ ಭಾಷಣವೇ? ಜನ ನಿಂತು ಕೇಳಿದರೇ? ನಂಬೋಕಾಗಲ್ಲ.
*ಓದುಗರೊಬ್ಬರು, ದಾವಣಗೆರೆ*

ನನಗೂ ಆಗಿರಲಿಲ್ಲ. ಆದರೆ ಲೆಕ್ಕ ಇದೆ. 1858ರಲ್ಲಿ ಇಲಿನಾಯ್‌ನ ಏಳು ಊರುಗಳಲ್ಲಿ ಇಬ್ಬರೂ ಎದುರಾಬದುರು ನಿಂತರು. ಒಟ್ಟಾವಾ, ಫ್ರೀಪೋರ್ಟ್, ಜೋನ್ಸ್‌ಬರೊ, ಚಾರ್ಲ್ಸ್‌ಟನ್, ಗೇಲ್ಸ್‌ಬರ್ಗ್, ಕ್ವಿನ್ಸಿ, ಆಲ್ಟನ್. ಮೊದಲನೆಯದು ಆಗಸ್ಟ್ 21, ಕೊನೆಯದು ಅಕ್ಟೋಬರ್ 15. ಮೊದಲ ಮಾತುಗಾರನಿಗೆ ಒಂದು ಗಂಟೆ, ಎದುರಾಳಿಗೆ ಒಂದೂವರೆ ಗಂಟೆ, ಮತ್ತೆ ಮೊದಲನೆಯವನಿಗೆ ಅರ್ಧ ಗಂಟೆ. ಮೊದಲು ಮಾತಾಡುವ ಅವಕಾಶ ಡಗ್ಲಾಸ್‌ಗೆ ನಾಲ್ಕು ಸಲ, ಲಿಂಕನ್‌ಗೆ ಮೂರು.

ಡಗ್ಲಾಸ್ ತನ್ನದೇ ರೈಲು ಬೋಗಿಯಲ್ಲಿ ಬರುತ್ತಿದ್ದ. ಹಿಂದಿನ ಬಯಲು ಬೋಗಿಯಲ್ಲೊಂದು ಫಿರಂಗಿ. ಊರು ಹತ್ತಿರ ಬರುತ್ತಿದ್ದಂತೆ ಢಂ ಅನ್ನಿಸುವುದು, ನಾನು ಬಂದೆ ಅಂತ. ಬ್ಯಾಂಡು, ಮೆರವಣಿಗೆ, ಹಣ್ಣು ತಿಂಡಿ ಮಾರುವವರು, ಎತ್ತು ಕುದುರೆ ಗಾಡಿಗಳ ಧೂಳು. ನಮ್ಮ ತೋಂಟದಾರ್ಯ ಮಠದ ಜಾತ್ರೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಒಟ್ಟಾವಾದಲ್ಲಿ ಹತ್ತು ಸಾವಿರ ಜನ, ಗೇಲ್ಸ್‌ಬರ್ಗ್‌ನಲ್ಲಿ ಅದಕ್ಕಿಂತ ಜಾಸ್ತಿ. ರಾಜ್ಯದ ದಕ್ಷಿಣ ತುದಿಯ ಜೋನ್ಸ್‌ಬರೊದಲ್ಲಿ ಮಾತ್ರ ಸಾವಿರದೈನೂರರ ಆಸುಪಾಸು.

ಸುಮ್ಮನೆ ನಿಂತು ಕೇಳಿದರು ಅಂದುಕೊಳ್ಳಬೇಡಿ. ನಡುವೆ ಕೂಗುವುದು, ಬೈಯುವುದು, ‘ಹೊಡಿ ಅವನಿಗೆ’ ಅನ್ನುವುದು ಎಲ್ಲ ಇತ್ತು. ಅವೂ ವರದಿಯಲ್ಲಿ ಸೇರಿವೆ, ಯಾಕೆಂದರೆ ಶಿಕಾಗೋದ ಎರಡು ಪತ್ರಿಕೆಗಳು ಶೀಘ್ರಲಿಪಿ ಬರೆಯುವವರನ್ನು ಕಳಿಸಿದ್ದವು. ಒಂದು ಪತ್ರಿಕೆ ಲಿಂಕನ್ ಕಡೆ, ಇನ್ನೊಂದು ಡಗ್ಲಾಸ್ ಕಡೆ. ತಮ್ಮವನ ಮಾತು ಇಸ್ತ್ರಿ ಹೊಡೆದ ಹಾಗೆ, ಎದುರಾಳಿಯದು ಮುದುಡಿದ ಹಾಗೆ ಅಚ್ಚಾಗುತ್ತಿತ್ತು. ಒಟ್ಟಾವಾದಲ್ಲಿ ಸಭೆ ಮುಗಿದ ಮೇಲೆ ಬೆಂಬಲಿಗರು ಲಿಂಕನ್ನನನ್ನು ಹೆಗಲ ಮೇಲೆ ಹೊತ್ತು ನಡೆದರು. ಡಗ್ಲಾಸ್ ಮುಂದಿನ ಊರುಗಳಲ್ಲಿ ಏನು ಹೇಳಿದ ಗೊತ್ತೇ? ನನ್ನ ಪ್ರಶ್ನೆ ಕೇಳಿ ಅವನ ಕಾಲು ನಡುಗಿತು, ನಡೆಯಲಾಗದೆ ಹೊತ್ತುಕೊಂಡು ಹೋದರು ಅಂತ. ಲಿಂಕನ್‌ಗೆ ಎಷ್ಟು ಸಿಟ್ಟು ಬಂತೆಂದರೆ ಜೋನ್ಸ್‌ಬರೊ ಭಾಷಣದಲ್ಲಿ ಸುಮಾರು ಹೊತ್ತನ್ನು ಅದಕ್ಕೇ ಕಳೆದ. ನಮ್ಮ ಟಿವಿ ಚಾನೆಲ್‌ಗಳನ್ನು ಸುಮ್ನೆ ಬೈಯುತ್ತೇವೆ.

ಇಲಿನಾಯ್ಸ್ ಅನ್ನಬೇಕೋ ಇಲಿನಾಯ್ ಅನ್ನಬೇಕೋ?
*ಓದುಗರೊಬ್ಬರು, ಶಿರಸಿ*

ಇಲಿನಾಯ್. ‘ಸ್’ ಬರೆಯುತ್ತಾರೆ, ಅನ್ನುವುದಿಲ್ಲ. ನಾನು ಮೊದಲ ದಿನವೇ ‘ಸ್’ ಒತ್ತಿ ಹೇಳಿ ಮೊಮ್ಮಗನ ಡಾಕ್ಟರರಿಂದ ತಿದ್ದಿಸಿಕೊಂಡೆ.

ಲಿಂಕನ್ ಕಪ್ಪು ಜನರನ್ನು ಸಮಾನರೆಂದು ಒಪ್ಪಿರಲಿಲ್ಲ ಅಂತ ಎಲ್ಲೋ ಓದಿದೆ. ಅಪಪ್ರಚಾರವೇ?
*ನಿವೃತ್ತ ಬ್ಯಾಂಕ್ ಉದ್ಯೋಗಿ, ಮೈಸೂರು*

ಅಪಪ್ರಚಾರವಲ್ಲ ಸರ್. 1858ರ ಸೆಪ್ಟೆಂಬರ್ 18, ಚಾರ್ಲ್ಸ್‌ಟನ್. ಆ ದಿನ ಮೊದಲು ಮಾತಾಡುವ ಸರದಿ ಲಿಂಕನ್‌ನದು. ಎದ್ದ ಕೂಡಲೇ ಹೇಳಿದ: ಬಿಳಿಯರ ಮತ್ತು ಕಪ್ಪು ಜನರ ನಡುವೆ ಸಾಮಾಜಿಕ ಸಮಾನತೆ, ರಾಜಕೀಯ ಸಮಾನತೆ ತರಬೇಕೆಂದು ನಾನು ಎಂದೂ ಹೇಳಿಲ್ಲ. ಅವರಿಗೆ ಓಟು ಕೊಡಬೇಕು ಅನ್ನುವವನಲ್ಲ. ಜ್ಯೂರಿಯಲ್ಲಿ ಕೂರಿಸಬೇಕು, ಅಧಿಕಾರ ಕೊಡಬೇಕು, ಬಿಳಿಯರ ಜೊತೆ ಮದುವೆಗೆ ಬಿಡಬೇಕು ಅನ್ನುವವನೂ ಅಲ್ಲ.

ಅದೇ ಮನುಷ್ಯ ಎರಡು ತಿಂಗಳ ಹಿಂದೆ, ಜುಲೈ 10ರಂದು ಶಿಕಾಗೋದಲ್ಲಿ, ಈ ಜನಾಂಗ ಕೀಳು ಆ ಜನಾಂಗ ಮೇಲು ಅನ್ನುವ ತರಲೆ ಮಾತು ಬಿಡೋಣ ಅಂದಿದ್ದ. ಡಗ್ಲಾಸ್ ಬಿಟ್ಟಾನೆಯೇ? ಗೇಲ್ಸ್‌ಬರ್ಗ್‌ನಲ್ಲಿ ಎರಡೂ ಭಾಷಣಗಳನ್ನು ಪಕ್ಕಪಕ್ಕ ಇಟ್ಟು ಓದಿದ. ಉತ್ತರದ ಊರಿನಲ್ಲಿ ಒಂದು ಬಣ್ಣ, ದಕ್ಷಿಣದ ಕಡೆಗೆ ಬರುತ್ತಾ ಇನ್ನೊಂದು ಬಣ್ಣ ಅಂತ ಹಂಗಿಸಿದ. ಸುಳ್ಳು ಹೇಳಲಿಲ್ಲ ಅವನು. ಚಾರ್ಲ್ಸ್‌ಟನ್ ಕಡೆಯ ಜನ ಹೆಚ್ಚಾಗಿ ಕೆಂಟಕಿಯಂಥ ಗುಲಾಮ ರಾಜ್ಯಗಳಿಂದ ಬಂದು ನೆಲೆಸಿದವರು. ಮಾತು ಕೇಳುವವರ ಮುಖ ನೋಡಿ ಲಿಂಕನ್ ಮಾತು ತೂಗಿದ.

ಆದರೆ ಒಟ್ಟಾವಾದಲ್ಲಿ ಹೇಳಿದ ಇನ್ನೊಂದು ಮಾತೂ ಇದೆ. ತನ್ನ ಕೈಯಾರೆ ದುಡಿದ ರೊಟ್ಟಿಯನ್ನು ಯಾರ ಅಪ್ಪಣೆಯನ್ನೂ ಕೇಳದೆ ತಿನ್ನುವ ಹಕ್ಕಿನಲ್ಲಿ ಕಪ್ಪು ಮನುಷ್ಯ ನನಗೆ ಸಮ, ಡಗ್ಲಾಸ್‌ಗೆ ಸಮ, ಬದುಕಿರುವ ಪ್ರತಿ ಮನುಷ್ಯನಿಗೂ ಸಮ. ಆಲ್ಟನ್‌ನಲ್ಲಿ ಮತ್ತೆ ರೊಟ್ಟಿಗೇ ಬಂದ: ನೀನು ದುಡಿ, ನಾನು ತಿನ್ನುತ್ತೇನೆ ಅನ್ನುವುದೇ ಗುಲಾಮಗಿರಿಯ ಸಾರ ಅಂತ. ಅವನು ಹೇಳಿದ್ದು ಗೋಧಿಯ ಬ್ರೆಡ್ಡು. ಜೋಳದ ನಾಡಿನವಳಾದ ನನ್ನ ಕಿವಿಗೆ ಬಿದ್ದದ್ದು ರೊಟ್ಟಿ.

ಏನು ಮಾಡೋಣ ಈ ಲಿಂಕನ್ನನನ್ನು? ನಾನು 31 ವರ್ಷ ಮಕ್ಕಳಿಗೆ ಒಟ್ಟಾವಾ ಲಿಂಕನ್ನನನ್ನಷ್ಟೇ ಕಲಿಸಿದೆ. ಪಠ್ಯದಲ್ಲಿ ಇದ್ದದ್ದೂ ಅಷ್ಟೇ. ಚಾರ್ಲ್ಸ್‌ಟನ್ ಲಿಂಕನ್ನನನ್ನು ಮೊದಲು ಕೇಳಿದ್ದು ಪಿಯೋರಿಯಾದ ಆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಾಗ. ಅದೂ ಅವನನ್ನು ದೇವರೆಂದು ಪೂಜಿಸುವ ರಾಜ್ಯದಲ್ಲಿ, ಅವರದೇ ಊರಿನವರ ಬಾಯಿಂದ. ವಾಹನದ ನಂಬರ್ ಪ್ಲೇಟಿನ ಮೇಲೂ ‘ಲಿಂಕನ್ನನ ನಾಡು’ ಅಂತ ಬರೆದುಕೊಂಡ ಜನ ಅವರು. ಭಾಷಣಕಾರರು ಆ ಸಾಲುಗಳನ್ನು ಪೂರ್ತಿ ಓದಿದರು, ತಡವರಿಸಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಕಪ್ಪು ಹೆಂಗಸೊಬ್ಬರು ಹೆಣೆಯುತ್ತಿದ್ದ ಉಣ್ಣೆಯನ್ನು ಕೆಳಗಿಡದೆ ಕೇಳಿದರು.

ಲಿಂಕನ್ ಅಲ್ಲಿಗೇ ನಿಲ್ಲಲಿಲ್ಲ ಅನ್ನುವುದನ್ನೂ ಹೇಳಬೇಕು. 1865ರ ಏಪ್ರಿಲ್ 11ರಂದು ಅವನು ಮಾಡಿದ ಕೊನೆಯ ಭಾಷಣದಲ್ಲಿ, ತುಂಬಾ ಬುದ್ಧಿವಂತರಾದ ಕಪ್ಪು ಜನರಿಗೂ ಸೈನಿಕರಾಗಿ ದುಡಿದವರಿಗೂ ಓಟು ಸಿಗಲಿ ಎಂಬ ಅರ್ಥದ ಮಾತು ಬಂತು. ಆ ಗುಂಪಿನಲ್ಲಿ ನಿಂತು ಅದನ್ನು ಕೇಳಿಸಿಕೊಂಡವರಲ್ಲಿ ಜಾನ್ ವಿಲ್ಕ್ಸ್ ಬೂತ್ ಕೂಡ ಒಬ್ಬ. ಮೂರನೆಯ ದಿನ ಲಿಂಕನ್ ಮೇಲೆ ಗುಂಡು ಹಾರಿಸಿದವನು ಅವನೇ.

ಇಲಿನಾಯ್ ಗುಲಾಮಗಿರಿ ಇಲ್ಲದ ರಾಜ್ಯ ಅಂತೀರಿ. ಹಾಗಾದರೆ ಅಲ್ಲಿನ ಊರಿನ ಇತಿಹಾಸದಲ್ಲಿ ಗುಲಾಮರು ಎಲ್ಲಿಂದ ಬಂದರು?
*ಪ್ರೌಢಶಾಲಾ ಶಿಕ್ಷಕರು, ಕೊಪ್ಪಳ*

ಮೇಷ್ಟ್ರೇ, ಈ ಪ್ರಶ್ನೆಗೆ ನಾನು ಕಾಯುತ್ತಿದ್ದೆ.

ಕಾಗದದ ಮೇಲೆ ಇರಲಿಲ್ಲ. 1787ರ ಕಾನೂನು ಆ ಇಡೀ ಪ್ರದೇಶದಲ್ಲಿ ಗುಲಾಮಗಿರಿ ಬೇಡ ಅಂದಿತ್ತು. ಆದರೆ ಫ್ರೆಂಚರ ಕಾಲದಿಂದ ಇದ್ದ ಗುಲಾಮರು ಹಾಗೇ ಉಳಿದರು. ಹೊಸದಾಗಿ ತಂದವರ ಹತ್ತಿರ ‘ಸ್ವಂತ ಇಚ್ಛೆಯಿಂದ ಇಷ್ಟು ವರ್ಷ ದುಡಿಯುತ್ತೇನೆ’ ಅಂತ ಕರಾರುಪತ್ರ ಬರೆಸಿಕೊಳ್ಳುತ್ತಿದ್ದರು. ನಮ್ಮ ಜೀತದ ಹಳೆಯ ಪತ್ರಗಳ ಭಾಷೆ ನೆನಪಾಗುತ್ತದೆ. 1818ರಲ್ಲಿ ರಾಜ್ಯವಾದಾಗ ಸಂವಿಧಾನದಲ್ಲೇ ಒಂದು ಕಿಂಡಿ ಬಿಟ್ಟರು: ಶಾನೀಟೌನ್ ಹತ್ತಿರದ ಉಪ್ಪಿನ ಕಾರ್ಖಾನೆಗಳಲ್ಲಿ ಹೊರಗಿನ ಗುಲಾಮರನ್ನು ಬಾಡಿಗೆಗೆ ತಂದು 1825ರವರೆಗೆ ದುಡಿಸಬಹುದು. 1824ರಲ್ಲಂತೂ ಗುಲಾಮಗಿರಿಗೆ ಬಾಗಿಲು ಪೂರ್ತಿ ತೆರೆಯಲು ಸಂವಿಧಾನ ತಿದ್ದುವ ಸಭೆ ಬೇಕೇ ಅಂತ ಜನರ ಓಟು ಕೇಳಿದರು. ಬೇಡ ಅಂದವರು 6,640, ಬೇಕು ಅಂದವರು 4,972. ಬೇಡ ಅನ್ನಿಸಲು ಹೋರಾಡಿದವರ ಮುಂದಾಳು ಗವರ್ನರ್ ಎಡ್ವರ್ಡ್ ಕೋಲ್ಸ್. ವರ್ಜೀನಿಯಾದಲ್ಲಿ ಗುಲಾಮರ ಒಡೆಯನಾಗಿದ್ದವನು 1819ರಲ್ಲಿ ಇಲಿನಾಯ್‌ಗೆ ಬರುವ ದಾರಿಯಲ್ಲಿ, ಒಹಾಯೊ ನದಿಯ ಮೇಲೆ ದೋಣಿಯಲ್ಲೇ ಅವರೆಲ್ಲರಿಗೂ ನೀವು ಸ್ವತಂತ್ರರು ಅಂದವನು. ಒಂದೊಂದು ಕುಟುಂಬಕ್ಕೆ 160 ಎಕರೆ ಜಮೀನನ್ನೂ ಕೊಟ್ಟ.

ಮತ್ತೆ 1853ರಲ್ಲಿ ಇನ್ನೊಂದು ಕಾನೂನು. ಹೊರಗಿನ ಕಪ್ಪು ಮನುಷ್ಯ ಬಂದು ನೆಲೆಸುವ ಇರಾದೆಯಿಂದ ಹತ್ತು ದಿನಕ್ಕಿಂತ ಜಾಸ್ತಿ ಉಳಿದರೆ 50 ಡಾಲರ್ ದಂಡ. ಕಟ್ಟಲಾಗದಿದ್ದರೆ ಅವನ ದುಡಿಮೆಯನ್ನು ಹರಾಜು ಹಾಕುವುದು. ಇದು ‘ಸ್ವತಂತ್ರ’ ರಾಜ್ಯದ ಕಾನೂನು. ಲಿಂಕನ್-ಡಗ್ಲಾಸ್ ವಾದ ಮಾಡುವಾಗ ಇದು ಜಾರಿಯಲ್ಲಿತ್ತು. ಹೋದದ್ದು 1865ರಲ್ಲಿ.

ಪಿಯೋರಿಯಾದಿಂದ ನದಿಯ ಗುಂಟ ಸುಮಾರು 15 ಕಿಲೋಮೀಟರ್ ಹೋದರೆ ಪೀಕಿನ್ ಅನ್ನುವ ಊರು. ಅಲ್ಲಿ ನ್ಯಾನ್ಸ್ ಲೆಗಿನ್ಸ್-ಕಾಸ್ಟ್ಲಿ ಎಂಬ ಹೆಂಗಸು ಇದ್ದಳು. ಹುಟ್ಟಿದ್ದು ಇಲಿನಾಯ್‌ನ ಕಾಸ್ಕಾಸ್ಕಿಯಾದಲ್ಲಿ, ಅಂದರೆ ‘ಸ್ವತಂತ್ರ’ ನೆಲದಲ್ಲೇ. ಆದರೂ ಹರಾಜಾದಳು. ಅವಳನ್ನು ಕೊಂಡಿದ್ದ ಕ್ರಾಮ್‌ವೆಲ್ ಎಂಬವನು ಮುಂದೆ ಬೇಲಿ ಎಂಬವನಿಗೆ ಸಾಲಪತ್ರದ ಮೇಲೆ ಮಾರಿದ. ಅವಳು ಮಾತ್ರ ನಾನು ಯಾರಿಗೂ ಕರಾರು ಬರೆದುಕೊಟ್ಟಿಲ್ಲ, ನಾನು ಯಾರ ಆಳೂ ಅಲ್ಲ ಅಂತ ಹಟ ಹಿಡಿದಳು. ಕೊಂಡವನು ದುಡ್ಡು ಕೊಡಲಿಲ್ಲ, ಮಾರಿದವನ ಕಡೆಯವರು ದಾವೆ ಹಾಕಿದರು. ಬೇಲಿಯ ವಕೀಲ ಲಿಂಕನ್. ಕೆಳಗಿನ ಕೋರ್ಟಿನಲ್ಲಿ ಸೋತರು. 1841ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು: ಈ ರಾಜ್ಯದಲ್ಲಿ ಬಣ್ಣ ಯಾವುದೇ ಇರಲಿ, ಮನುಷ್ಯ ಸ್ವತಂತ್ರ ಅಂತಲೇ ತಿಳಿಯಬೇಕು, ಸ್ವತಂತ್ರರನ್ನು ಮಾರಿದ ಪತ್ರಕ್ಕೆ ಬೆಲೆಯಿಲ್ಲ. ಅವಳ ಮಗ ವಿಲಿಯಂ ಮುಂದೆ ಕಪ್ಪು ಸೈನಿಕರ 29ನೇ ಪಡೆ ಸೇರಿ ಅಮೆರಿಕದ ಅಂತರ್ಯುದ್ಧಕ್ಕೆ ಹೋದ. ನ್ಯಾನ್ಸ್ ಪಿಯೋರಿಯಾದಲ್ಲಿ ತೀರಿಕೊಂಡಳು. ಅವಳನ್ನು ಹೂಳಿದ ಸ್ಮಶಾನ ಆಮೇಲೆ ಮುಚ್ಚಿತು, ಮೇಲೆ ಕಟ್ಟಡಗಳು ಎದ್ದವು. ಅಳಿಯನಿಗೆ ಹೇಳಿ ಆ ರಸ್ತೆಯಲ್ಲೇ ಕಾರು ಹೊಡೆಸಿದೆ. ನೋಡಲು ಏನೂ ವಿಶೇಷವಿಲ್ಲ. ಆದರೂ ಇಳಿದು ನಿಂತೆ.

ಇಷ್ಟು ಕೇಳಿ ಸಂತೋಷವಾಗಿ ಮನೆಗೆ ಬಂದಿದ್ದೆ. ಮುಂದಿನ ಉಪನ್ಯಾಸದಲ್ಲಿ ತಣ್ಣೀರು ಎರಚಿದರು. 1847ರಲ್ಲಿ ಅದೇ ಲಿಂಕನ್, ಮ್ಯಾಟ್ಸನ್ ಎಂಬ ಕೆಂಟಕಿಯ ಒಡೆಯನ ಪರ ನಿಂತಿದ್ದ. ಅವನು ಇಲಿನಾಯ್ ಹೊಲಕ್ಕೆ ತಂದಿದ್ದ ಜೇನ್ ಬ್ರಯಂಟ್ ಎಂಬ ತಾಯಿ ನಾಲ್ಕು ಮಕ್ಕಳ ಸಮೇತ ತಪ್ಪಿಸಿಕೊಂಡಿದ್ದಳು. ಅವರನ್ನು ತನಗೆ ಹಿಂದಿರುಗಿಸಿ ಅಂತ ಅವನ ದಾವೆ. ಕೇಸು ನಡೆದದ್ದು ಯಾವ ಊರಿನಲ್ಲಿ? ಚಾರ್ಲ್ಸ್‌ಟನ್! ಪುಣ್ಯಕ್ಕೆ ಲಿಂಕನ್ ಸೋತ, ತಾಯಿ ಮಕ್ಕಳು ಬಿಡುಗಡೆಯಾದರು. ವಕೀಲಿಕೆ ಅಂದರೆ ಫೀಸು ಕೊಟ್ಟವರ ಪರ, ಅಷ್ಟೇ ಅಂತ ಮಗಳು ಅಂದಳು. ನಾನು ಒಪ್ಪಲಿಲ್ಲ. ಅವತ್ತು ರಾತ್ರಿ ಚಪಾತಿ ಲಟ್ಟಿಸುತ್ತಾ ಇಬ್ಬರೂ ಅದನ್ನೇ ವಾದಿಸಿದೆವು.

ಡಗ್ಲಾಸ್ ಕಡೆಯೂ ಒಂದು ಇದೆ. ಮಿಸಿಸಿಪ್ಪಿ ನದಿ ದಂಡೆಯ ಕ್ವಿನ್ಸಿ ಊರಿನಲ್ಲಿ ರಿಚರ್ಡ್ ಈಲ್ಸ್ ಎಂಬ ವೈದ್ಯ. ಆಚೆ ದಂಡೆ ಮಿಸೌರಿ, ಗುಲಾಮರ ರಾಜ್ಯ. 1842ರ ಒಂದು ರಾತ್ರಿ ಚಾರ್ಲಿ ಎಂಬ ಗುಲಾಮ ಆ ನದಿ ಈಜಿ ಬಂದ. ಒದ್ದೆ ಬಟ್ಟೆ ಬಿಚ್ಚಿಸಿ ಒಣ ಬಟ್ಟೆ ಕೊಟ್ಟು ಗಾಡಿಯಲ್ಲಿ ಕೂರಿಸಿಕೊಂಡು ಹೊರಟ ವೈದ್ಯ ಸಿಕ್ಕಿಬಿದ್ದ. ಆ ಕಾಲಕ್ಕೆ ನ್ಯಾಯಾಧೀಶನಾಗಿದ್ದ ಡಗ್ಲಾಸ್ 1843ರಲ್ಲಿ 400 ಡಾಲರ್ ದಂಡ ಹಾಕಿದ. ಹದಿನೈದು ವರ್ಷ ಕಳೆದು ಅದೇ ಕ್ವಿನ್ಸಿಯ ಚೌಕದಲ್ಲಿ ಡಗ್ಲಾಸ್ ಭಾಷಣ ಮಾಡಿದ. ಈಲ್ಸ್ ಅಷ್ಟರಲ್ಲಿ ತೀರಿಕೊಂಡಿದ್ದ. ಮನೆ ಇವತ್ತಿಗೂ ಇದೆ, ಜನ ಹೋಗಿ ನೋಡುತ್ತಾರೆ.

ಅಕ್ಕೋರೇ, ದೂರದ ಗುಲಾಮಗಿರಿ ಬರೆಯುತ್ತೀರಿ. ನಮ್ಮ ಊರುಗಳ ಜೀತ ಬರೆಯಲ್ಲ ಯಾಕೆ?
*ಓದುಗರೊಬ್ಬರು, ಬಂಟ್ವಾಳ*

ಬೈಗುಳ ಒಪ್ಪಿಕೊಂಡೆ. ನಿಮ್ಮ ಕರಾವಳಿಯಲ್ಲಿ ಜಮೀನಿನ ಜೊತೆಗೇ ಕೈ ಬದಲಾಗುತ್ತಿದ್ದ ಮೂಲದಾಳುಗಳ ಬಗ್ಗೆ ಬ್ರಿಟಿಷ್ ದಾಖಲೆಗಳಲ್ಲೇ ಬೇಕಾದಷ್ಟು ಇದೆ. ಕಂಪನಿ ಸರ್ಕಾರದ 1843ರ 5ನೇ ಕಾನೂನು ಗುಲಾಮಗಿರಿಗೆ ಕೋರ್ಟಿನ ಮಾನ್ಯತೆ ತೆಗೆಯಿತು. ಜೀತ ಹೋಗಲಿಲ್ಲ. ಅದಕ್ಕೆ ಇಡೀ ದೇಶದಲ್ಲಿ ಕಾನೂನು ಬರಲು 1976 ಆಯಿತು. ನಮ್ಮಲ್ಲಿ ದೇವರಾಜ ಅರಸರ ಕಾಲ ಅದು. ಇದೊಂದು ಪ್ರಶ್ನೆಯಲ್ಲಿ ಮುಗಿಯುವ ಮಾತಲ್ಲ, ಒಂದು ಇಡೀ ಸಂಚಿಕೆಯ ಅಂಕಣ ಇದಕ್ಕೆ ಕೊಡುತ್ತೇನೆ. ನಿಮ್ಮ ಊರಿನ ಹಿರಿಯರ ನೆನಪುಗಳಿದ್ದರೆ ಬರೆದು ಕಳಿಸಿ.

ದೂರದ್ದು ಅಂದಿರಲ್ಲ, ಪೂರ್ತಿ ದೂರದ್ದೂ ಅಲ್ಲ. ಲಿಂಕನ್ ಅಧ್ಯಕ್ಷನಾದ ಮೇಲೆ 1861ರಲ್ಲಿ ಉತ್ತರ-ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾಯಿತು. ದಕ್ಷಿಣದ ಬಂದರುಗಳನ್ನು ಅವನ ನೌಕಾಪಡೆ ಮುಚ್ಚಿತು. ಗುಲಾಮರು ಬಿಡಿಸಿದ ಹತ್ತಿ ಇಂಗ್ಲೆಂಡಿನ ಮಗ್ಗಗಳಿಗೆ ಹೋಗುವುದು ನಿಂತಿತು. ಗಿರಣಿಯವರ ಕಣ್ಣು ಬಿದ್ದದ್ದು ನಮ್ಮ ಧಾರವಾಡ ಸೀಮೆಯ ಮೇಲೆ. ಅಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೆಳೆಸಿದ್ದರು. ನಮ್ಮ ಅಜ್ಜ ಹೇಳುತ್ತಿದ್ದ ‘ಜವಾರಿ ಹತ್ತಿ, ವಿಲಾಯ್ತಿ ಹತ್ತಿ’ ಎರಡರಲ್ಲಿ ಎರಡನೆಯದು ಅದೇ. ಬೆಲೆ ಗಗನಕ್ಕೇರಿತು, ಯುದ್ಧ ಮುಗಿದ ಮೇಲೆ ಇಳಿಯಿತು. ಆ ಹತ್ತಿಯನ್ನು ಹಡಗಿಗೆ ತುಂಬಲು ಬಂದರು ಬೇಕೆಂಬ ಒತ್ತಡದಲ್ಲೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಕಿತ್ತು ಮುಂಬೈಗೆ ಸೇರಿಸಿದರು. ಕಾರವಾರ ಬೆಳೆದದ್ದು ಹಾಗೆ. ಇದನ್ನು ನಾನು ಲೈಬ್ರರಿಯಲ್ಲಿ ನನ್ನ ಹರಕು ಇಂಗ್ಲಿಷಿನಲ್ಲಿ ಎದ್ದು ಹೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಉಣ್ಣೆ ಹೆಣೆಯುತ್ತಿದ್ದ ಆ ಹೆಂಗಸು ತಿರುಗಿ ನೋಡಿ ಊರಿನ ಹೆಸರು ಬರೆದುಕೊಡಿ ಅಂದರು. ಬರೆದುಕೊಟ್ಟೆ: ಧಾರವಾಡ, ಗದಗ, ಕಾರವಾರ.

ಫ್ರೆಡೆರಿಕ್ ಡಗ್ಲಾಸ್ ಅಂತ ಕಪ್ಪು ಜನರ ನಾಯಕ ಇದ್ದರಲ್ಲ, ಅವರಿಗೂ ಈ ಡಗ್ಲಾಸ್‌ಗೂ ಏನು ಸಂಬಂಧ?
*ಗೃಹಿಣಿ, ಶಿವಮೊಗ್ಗ*

ರಕ್ತ ಸಂಬಂಧ ಇಲ್ಲ. ಫ್ರೆಡೆರಿಕ್ ಡಗ್ಲಾಸ್ ಮೇರಿಲ್ಯಾಂಡಿನಲ್ಲಿ ಗುಲಾಮರಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು ಬಂದು, ಆ ಹೆಸರನ್ನು ತಾವೇ ಇಟ್ಟುಕೊಂಡವರು. ಗುಲಾಮಗಿರಿಯ ವಿರುದ್ಧ ಅವರ ಮಾತು ಕೇಳಲು ಊರುಗಳು ತುಂಬುತ್ತಿದ್ದವು.

ಆದರೆ ಇನ್ನೊಂದು ಥರದ ಸಂಬಂಧ ಇದೆ. ಫ್ರೀಪೋರ್ಟ್ ಸಭೆಯಲ್ಲಿ ಸ್ಟೀಫನ್ ಡಗ್ಲಾಸ್ ಜನರನ್ನು ಕೆರಳಿಸಲು ಬಳಸಿದ್ದು ಇವರ ಹೆಸರನ್ನೇ. ಹಿಂದೆ ಇದೇ ಊರಿಗೆ ಬಂದಾಗ ಫ್ರೆಡೆರಿಕ್ ಡಗ್ಲಾಸ್ ಒಂದು ಸಾರೋಟಿನಲ್ಲಿ ಬಿಳಿ ಹೆಂಗಸಿನ ಪಕ್ಕ ಕೂತದ್ದನ್ನು ನೋಡಿದೆ, ಅದರ ಒಡೆಯನೇ ಗಾಡಿ ಹೊಡೆಯುತ್ತಿದ್ದ, ಲಿಂಕನ್ ಗೆದ್ದರೆ ಇದೇ ಗತಿ ಅಂತ. ಸಭೆಯಲ್ಲಿ ಕೆಲವರು ಅದರಲ್ಲೇನು ತಪ್ಪು ಅಂತ ತಿರುಗಿ ಕೂಗಿದರು. ಆ ಕೂಗೂ ದಾಖಲಾಗಿದೆ.

ಸ್ಟೀಫನ್ ಡಗ್ಲಾಸ್ ಮುಂದೆ 1860ರಲ್ಲಿ ಅಧ್ಯಕ್ಷ ಪದವಿಗೂ ಲಿಂಕನ್ ಎದುರು ನಿಂತು ಸೋತ. ಯುದ್ಧ ಬಂದಾಗ ಮಾತ್ರ ಜಗಳ ಬಿಟ್ಟು ಲಿಂಕನ್ ಬೆನ್ನಿಗೆ ನಿಂತ, ದೇಶ ಒಡೆಯಬಾರದು ಅಂತ ಇಲಿನಾಯ್‌ಗೆ ಬಂದು ಭಾಷಣ ಮಾಡಿದ. ಅದು ಅವನ ಲೆಕ್ಕಕ್ಕೆ ಸೇರಬೇಕಾದ ಒಳ್ಳೆಯದು. 1861ರ ಜೂನ್ 3ರಂದು ಶಿಕಾಗೋದಲ್ಲಿ ಸತ್ತ, 48 ವರ್ಷಕ್ಕೆ.

ಶಿಕಾಗೋದಲ್ಲಿ ಅವನ ಹೆಸರಿನ ದೊಡ್ಡ ಪಾರ್ಕ್ ಒಂದಿತ್ತು. ಸುತ್ತ ವಾಸಿಸುವವರಲ್ಲಿ ಹೆಚ್ಚಿನವರು ಕಪ್ಪು ಜನ. ಅಲ್ಲಿನ ಶಾಲಾ ಮಕ್ಕಳು ಹೆಸರು ಬದಲಿಸಿ ಅಂತ ವರ್ಷಗಟ್ಟಲೆ ಹಟ ಹಿಡಿದರು. 2020ರಲ್ಲಿ ಬದಲಾಯಿತು. ಈಗ ಅದು ಫ್ರೆಡೆರಿಕ್ ಡಗ್ಲಾಸ್ ಮತ್ತು ಅವರ ಹೆಂಡತಿ ಆ್ಯನಾ ಹೆಸರಿನ ಪಾರ್ಕ್. ಇಂಗ್ಲಿಷಿನಲ್ಲಿ ಇವರ ಹೆಸರಿನ ಕೊನೆಗೆ ಒಂದು ‘ಎಸ್’ ಜಾಸ್ತಿ, ಬೋರ್ಡಿಗೆ ಅದೊಂದು ಅಕ್ಷರ ಸೇರಿತು. ಅಳಿಯ ನನ್ನನ್ನು ಅಲ್ಲಿಗೆ ಕರೆದೊಯ್ದು ಆ ‘ಎಸ್’ ತೋರಿಸಿದರು. ಮನೆಗೆ ಬಂದು ನನ್ನ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಎರಡೂ ಹೆಸರು ಬರೆದು ನೋಡಿದೆ. ಡಗ್ಲಾಸ್, ಡಗ್ಲಾಸ್. ಯಾರು ಯಾರು ಅಂತ ಪಕ್ಕದಲ್ಲಿ ಬರೆದುಕೊಳ್ಳಬೇಕಾಯಿತು.